ಖಾಲಿ ಬಿಟ್ಟ ಒಂದು ಕಾಲಂ

ಮಾನ್ಯರೇ,

ಅಂಗವಿಕಲ ಮಗುವಿರುವ ಸಂಬಳದಾರರು ಕಚೇರಿಯ ತೆರಿಗೆ ಘೋಷಣೆಯಲ್ಲಿ ಹಳೆಯ ತೆರಿಗೆ ಪದ್ಧತಿಯೋ ಹೊಸದೋ ಎಂಬ ಕಾಲಂ ಖಾಲಿ ಬಿಟ್ಟರೆ ತಾನಾಗಿಯೇ ಹೊಸ ಪದ್ಧತಿಗೆ ಸೇರುತ್ತಾರೆ. ಅಂಗವಿಕಲ ಅವಲಂಬಿತರ ಪೋಷಣೆಗೆಂದು ಇರುವ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ ಎಂದಿದ್ದ ಕಡಿತ ಅಲ್ಲಿಲ್ಲ. ಹಳೆಯದರಲ್ಲಿ ವೈಕಲ್ಯ ಶೇ 40 ಇದ್ದರೆ 75,000 ರೂ., ಶೇ 80 ಮುಟ್ಟಿದರೆ 1.25 ಲಕ್ಷ, ಥೆರಪಿಗೆ ಸುರಿದದ್ದು ಎಷ್ಟೇ ಇರಲಿ, ಕಡಿತ ಅಷ್ಟೇ. ಇದು ಆದಾಯದಲ್ಲಿ ಕಳೆಯುವ ಮೊತ್ತ, ತೆರಿಗೆಯಲ್ಲಲ್ಲ. ಹಾಗಾಗಿ ಎರಡೂ ಪದ್ಧತಿಗಳಲ್ಲಿ ತೆರಿಗೆ ಲೆಕ್ಕ ಹಾಕಿ ನೋಡಬೇಕು. ಎಡವುವುದು ಹೆಚ್ಚಾಗಿ ವೈಕಲ್ಯದ ಪ್ರಮಾಣಪತ್ರದಲ್ಲಿ: ‘ತಾತ್ಕಾಲಿಕ’ ಎಂದಿದ್ದು ಅವಧಿ ಮುಗಿದರೆ, ಮುಂದಿನ ವರ್ಷದಿಂದ ಹೊಸ ಪತ್ರವಿಲ್ಲದೆ ಕಡಿತವಿಲ್ಲ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿನ ಅವಧಿಯನ್ನೂ ನೋಡಿಕೊಳ್ಳಿ. ಬೆಂಗಳೂರಿನ ಕಂಪನಿಗಳ ಎಚ್‌ಆರ್‌ನವರು ಟೀಮ್ ಔಟಿಂಗಿಗೆ ಹತ್ತು ಮೇಲ್ ಕಳಿಸುತ್ತಾರೆ. ಘೋಷಣೆಯ ಮೇಲ್‌ನಲ್ಲಿ ಈ ಕಡಿತದ ಬಗ್ಗೆ ಒಂದು ಸಾಲು ಸೇರಿಸಲಿ.

– ಒಬ್ಬ ಓದುಗ, ಜಯನಗರ, ಬೆಂಗಳೂರು