ನನ್ನ ಎರಡು ಹಳೆ ವಾಚ್ ಕಾಣೆಯಾಗಿವೆ, ಸ್ವಲ್ಪ ಗಮನಿಸಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಎಲ್ಲ ವಾಚಿಗೂ ಕೀ ಕೊಡೋಣ ಅಂತ ಪೆಟ್ಟಿಗೆ ತೆಗೆದರೆ ಎರಡು ಜಾಗ ಖಾಲಿ. ಯಾವಾಗ ಹೋದವೋ ಗೊತ್ತಿಲ್ಲ.

ಒಂದು ಸೀಕೋ 5, ಆಟೋಮ್ಯಾಟಿಕ್, ನೀಲಿ ಡಯಲ್, ಗಾಜಿನ ಮೇಲೆ 7ರ ಹತ್ತಿರ ಉದ್ದ ಗೀರು. ಇನ್ನೊಂದು ಕೀ ಕೊಡುವ ಒಮೇಗಾ. ಸೆಕೆಂಡ್ ಮುಳ್ಳು ಕೆಳಗೆ, 6ರ ಜಾಗದಲ್ಲಿ ಪುಟ್ಟ ವೃತ್ತದೊಳಗಿದೆ. ಡಯಲ್ ಅಂಚು ಕಂದು ಬಣ್ಣಕ್ಕೆ ತಿರುಗಿದೆ. ಬೇಜಾರು ಜಾಸ್ತಿ ಇದರದ್ದೇ.

ಸೀಕೋ ನಂಬರ್ ನನ್ನ ಹತ್ತಿರ ಇದೆ, ಹಿಂಬದಿ ಮುಚ್ಚಳದ ಮೇಲೇ ಇತ್ತಲ್ವಾ. ಹಳೆ ಒಮೇಗಾದಲ್ಲಿ ಸೀರಿಯಲ್ ನಂಬರ್ ಸಾಮಾನ್ಯವಾಗಿ ಒಳಗೆ, ಯಂತ್ರದ ಮೇಲೆ ಕೊರೆದಿರುತ್ತದೆ. ನಾನು ಒಮ್ಮೆಯೂ ಬಿಚ್ಚಿಸಿ ನೋಡಲಿಲ್ಲ. ಸುಮ್ನೆ ಡಯಲ್ ಫೋಟೋ ಹೊಡೆದುಕೊಂಡು ಖುಷಿಪಟ್ಟೆ.

ಇಂಥವು ಮಾರಾಟಕ್ಕೆ ಕಂಡರೆ ಮಾರುವವರ ಜೊತೆ ಜಗಳಕ್ಕೆ ಹೋಗಬೇಡಿ. ಫೋಟೋ ತೆಗೆದು ನನಗೊಬ್ಬನಿಗೇ ಕಳಿಸಿ. ಸೀಕೋದ ಪೂರ್ತಿ ನಂಬರ್ ಇಲ್ಲಿ ಹಾಕುವುದಿಲ್ಲ. ನಿಜವಾದ ವಾಚ್ ಯಾವುದು ಅಂತ ತಿಳಿಯಲು ನನಗಿರುವ ದಾರಿ ಅದೊಂದೇ.

ನೀವೂ ಈ ವಾರವೇ ನಂಬರ್ ಬರೆದಿಡಿ. ಹಳೆ ರೋಲೆಕ್ಸ್ ಇದ್ದವರು 6ರ ಕಡೆಯ ಬೆಲ್ಟ್ ಬಿಚ್ಚಿ ನೋಡಿ, ಬೆಲ್ಟ್ ಸಿಕ್ಕಿಸುವ ಎರಡು ಕಿವಿಗಳ ನಡುವೆ ಇರುತ್ತದೆ. ಹಳೆ ಸೀಕೋದಲ್ಲಿ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 1972 ಆದರೂ 1982 ಆದರೂ ಮೊದಲು 2 ಬರುತ್ತದೆ, ಹಾಗಾಗಿ ಮಾಡೆಲ್ ನಂಬರನ್ನೂ ಸೇರಿಸಿ ಬರೆಯಿರಿ. ಮುಚ್ಚಳ ಮಾತ್ರ ಚಾಕುವಿನಿಂದ ಎಬ್ಬಿಸಬೇಡಿ, ರಿಪೇರಿಯವರ ಹತ್ತಿರ ತೆಗೆಸಿ.

ಮನೆಯ ಯಾವುದೋ ಡ್ರಾಯರ್‌ನಲ್ಲೇ ಸಿಕ್ಕಿಬಿಟ್ಟರೆ ನಾನೇ ಬಂದು ಹೇಳುತ್ತೇನೆ. ಆಗ ಬೇಕಾದಷ್ಟು ಬೈಯಿರಿ.