ನಾಯಿಗೆ ಎಣ್ಣೆ ಬಳಿಯುವ ಮೊದಲು ಚರ್ಮ ಕೆರೆದು ನೋಡಿ

ಮಾನ್ಯ ಸಂಪಾದಕರೆ,

ಹೋದ ವಾರ ನಿಮ್ಮ ವಾಚಕರ ಪುಟದಲ್ಲಿ ಒಬ್ಬರು ಬರೆದಿದ್ದರು. ನಮ್ಮ ಕಡೆಯ ಸಂತೆಯಲ್ಲಿ ಕೂದಲು ಉದುರಿದ ಕಜ್ಜಿ ನಾಯಿಗಳು ಜಾಸ್ತಿಯಾಗಿವೆ, ಮಕ್ಕಳಿಗೆ ಅಂಟುವ ಮೊದಲು ಹಿಡಿದು ಕಾಡಿಗೆ ಬಿಡಬೇಕು ಅಂತ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಹೋದ ವರ್ಷದವರೆಗೆ ನಾನೂ ಹಾಗೇ ಅಂದುಕೊಂಡಿದ್ದವನು. ಆದರೆ ಆ ಪತ್ರ ಓದಿದ ಮೇಲೆ ನಮ್ಮ ಮನೆಯ ಜಿಮ್ಮಿಯ ಕತೆ ಹೇಳದೆ ಇರಲಾಗಲಿಲ್ಲ.

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ ಹಾಕುವುದು, ಕೂಲಿ ಲೆಕ್ಕ ಬರೆಯುವುದು, ಬೆಳಿಗ್ಗೆ ಎದ್ದ ಕೂಡಲೇ ಮಳೆ ಅಳೆದು ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಬರೆದಿಡುವುದು ನನ್ನ ಕೆಲಸ. ಬರೆದಿಡುವ ಚಟ ಬಿಡುವುದಿಲ್ಲ ನೋಡಿ, ಜಿಮ್ಮಿಯ ಕಾಯಿಲೆಯೂ ಆ ಮಳೆ ಪುಸ್ತಕದ ಅಂಚಿನಲ್ಲೇ ಸೇರಿಹೋಗಿದೆ. ಈಗ ಅದನ್ನೇ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಾಫಿ ಕುಯ್ಲು ಮುಗಿದ ಫೆಬ್ರವರಿಯಲ್ಲಿ ಕೂಲಿಯವರ ಲೈನ್ ಮನೆಯ ನಾಯಿಯೊಂದು ಆರು ಮರಿ ಹಾಕಿತ್ತು. ಗಂಡು ಮರಿಗಳೆಲ್ಲ ಬೇಗ ಖಾಲಿಯಾದವು. ಹೆಣ್ಣು ಅಂತ ಯಾರಿಗೂ ಬೇಡವಾದ ಕಂದು ಬಣ್ಣದ ಒಂದನ್ನು ನನ್ನ ಮಗಳು ಎತ್ತಿಕೊಂಡು ಬಂದಳು. ಅದೇ ಜಿಮ್ಮಿ.

ಮೇ 11ರ ಪುಟದಲ್ಲಿ ಹೀಗಿದೆ: "ಮಳೆ 35 ಸೆಂಟು. ಜಿಮ್ಮಿಗೆ ಎಡಗಣ್ಣಿನ ಮೇಲೆ ಕೂದಲು ಇಲ್ಲ, ಒಂದು ರೂಪಾಯಿ ಅಗಲ." ಆಗ ಅದಕ್ಕೆ ಸುಮಾರು ಮೂರು ತಿಂಗಳು. ತುರಿಕೆ ಇರಲಿಲ್ಲ, ಗಾಯವೂ ಇಲ್ಲ. ಯಾರೋ ರಬ್ಬರಿನಲ್ಲಿ ಉಜ್ಜಿ ಅಳಿಸಿದ ಹಾಗೆ ನುಣುಪಾಗಿತ್ತು, ಮೇಲೆ ಸ್ವಲ್ಪ ಹೊಟ್ಟು. ಹತ್ತು ದಿನದಲ್ಲಿ ಬಾಯಿಯ ಮೂಲೆಯಲ್ಲಿ ಒಂದು, ಮುಂಗಾಲಿನ ಮೇಲೆ ಇನ್ನೊಂದು.

ಇಲ್ಲಿಂದ ಮುಂದೆ ಮಾಡಿದ್ದೆಲ್ಲ ತಪ್ಪು.

ನಮ್ಮ ಮೇಸ್ತ್ರಿ ನೋಡಿ, "ಅಯ್ಯೋ ರೈಟ್ರೇ, ಇದು ಕಜ್ಜಿ. ಪಲ್ಪರ್ ಇಂಜಿನ್ನಿನ ಸುಟ್ಟ ಆಯಿಲ್ ಬಳಿಯಿರಿ, ಮೂರೇ ದಿನ" ಅಂದ. ಅವನ ಮೇಲೆ ತಪ್ಪು ಹೊರಿಸುವುದಿಲ್ಲ, ಕೊಡಗಿನಲ್ಲಿ ಯಾವ ತೋಟಕ್ಕೆ ಹೋದರೂ ಇದೇ ಔಷಧಿ ಹೇಳುತ್ತಾರೆ. ಬಳಿದೆ. ನಾಯಿ ಅಂದರೆ ನೆಕ್ಕುತ್ತದೆ, ಅಷ್ಟೂ ನನಗೆ ಹೊಳೆಯಲಿಲ್ಲ. ರಾತ್ರಿಯೆಲ್ಲ ವಾಂತಿ ಮಾಡಿತು. ಬೆಳಿಗ್ಗೆ ನೋಡಿದರೆ ಬಳಿದ ಜಾಗ ಕೆಂಪಗೆ ಬೆಂದ ಹಾಗೆ. ಹೆಂಡತಿ ಸೋಪು ಹಾಕಿ ಮೂರು ಸಲ ತೊಳೆದಳು. ಅವತ್ತು ಅವಳು ನನ್ನ ಜೊತೆ ಮಾತಾಡಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಚರ್ಮ ಒಣಗುವುದೇ ಇಲ್ಲ, ಈಗ ತುರಿಕೆಯೂ ಶುರು. ಹತ್ತಿರದ ಊರಿನಲ್ಲಿ ದನಗಳಿಗೆ ಸೂಜಿ ಹಾಕುವ ಒಬ್ಬರ ಹತ್ತಿರ ಒಯ್ದೆ. ಮುಟ್ಟಿಯೂ ನೋಡದೆ ಒಂದು ಇಂಜೆಕ್ಷನ್ ಕೊಟ್ಟರು. ಎರಡೇ ದಿನದಲ್ಲಿ ತುರಿಕೆ ಮಾಯ! ನಾನು ಅವರನ್ನು ನಾಲ್ಕು ಜನರ ಮುಂದೆ ಹೊಗಳಿದೆ. ವಾರ ಬಿಟ್ಟು ಇನ್ನೊಂದು ಹಾಕಿಸಿದೆ. ಜುಲೈ ಮೊದಲ ವಾರಕ್ಕೆ ಮುಖ, ಕುತ್ತಿಗೆ, ನಾಲ್ಕೂ ಕಾಲು ಬೋಳು. ಚರ್ಮ ಕಪ್ಪಾಗಿ ದಪ್ಪವಾಯಿತು, ಪಾದಗಳು ಊದಿ ಬೆರಳ ಸಂದಿಯಲ್ಲಿ ಕೀವು. ಹಳೆ ಗೋಣಿಚೀಲದ ವಾಸನೆ. ನಾಯಿ ನಡೆಯುವುದನ್ನೇ ಬಿಟ್ಟಿತು.

ತಾಲ್ಲೂಕಿನ ಒಂದು ಪಶು ಆಸ್ಪತ್ರೆಗೆ ಹೋದೆ. ಅಲ್ಲಿನವರು ಒಳ್ಳೆಯ ಮಾತಿನವರೇ. "ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು, ಆದರೆ ನಮ್ಮದಕ್ಕೆ ಲೆನ್ಸಿಗೆ ಬೂಸ್ಟು ಹಿಡಿದಿದೆ" ಅಂದರು. ಹಸಿರು ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತ್ತು ಅದು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೇ ಬೂಸ್ಟು ಬರುತ್ತದೆ, ಲೆನ್ಸ್ ಏನು ಬಿಟ್ಟೀತು. ಅವರೇ ಕುಶಾಲನಗರದ ಕಡೆ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದರು.

ಜುಲೈ 14. ತೋಟದ ಜೀಪಿನಲ್ಲಿ ಗೋಣಿ ಹಾಸಿ ಕರೆದುಕೊಂಡು ಹೋದೆವು. ಆ ಡಾಕ್ಟರಮ್ಮ ಮೊದಲು ಔಷಧಿ ಮುಟ್ಟಲಿಲ್ಲ, ಬ್ಲೇಡ್ ತೆಗೆದರು. ಮುಂಗಾಲಿನ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಗಟ್ಟಿಯಾಗಿ ಹಿಸುಕಿದರು. ಹಿಸುಕಿದರೆ ಕೂದಲ ಬುಡದ ಗುಳಿಯೊಳಗೆ ಇರುವುದು ಮೇಲೆ ಬರುತ್ತದಂತೆ. ಬ್ಲೇಡಿನ ಮೊಂಡು ಬಾಯಿಗೆ ಒಂದು ತೊಟ್ಟು ಎಣ್ಣೆ ಹಚ್ಚಿ, ಕೂದಲು ಬೆಳೆಯುವ ದಿಕ್ಕಿನಲ್ಲೇ ನಿಧಾನವಾಗಿ ಕೆರೆದರು. ಸಣ್ಣದಾಗಿ ರಕ್ತ ಜಿನುಗುವವರೆಗೆ ಕೆರೆಯಬೇಕು, ಮೇಲೆ ಮೇಲೆ ಕೆರೆದರೆ ಏನೂ ಸಿಗುವುದಿಲ್ಲ ಅಂದರು. ಗಾಜಿನ ಮೇಲೆ ಹರಡಿ ನೋಡಿ, "ರೈಟರ್ ಅಂದ್ರಲ್ಲ, ಬನ್ನಿ, ನೀವೇ ನೋಡಿ ಎಣಿಸಿ" ಅಂದರು.

ಕಣ್ಣಿಟ್ಟೆ. ಬೀಡಿ ತುಂಡಿಗೆ ಕಾಲು ಹುಟ್ಟಿದ ಹಾಗೆ ಇತ್ತು! ಉದ್ದನೆಯ ಮೈ, ಬಾಲದ ಕಡೆ ಚೂಪು, ತಲೆಯ ಹತ್ತಿರ ಮಾತ್ರ ಎಂಟು ಮೊಂಡು ಕಾಲು. ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಹದಿನೇಳರವರೆಗೆ ಎಣಿಸಿ ಬಿಟ್ಟೆ.

ಅದರ ಹೆಸರು ಡೆಮೊಡೆಕ್ಸ್. ನುಸಿ. ತೆಂಗಿಗೆ ನುಸಿ ಪೀಡೆ ಬಂದಿತ್ತಲ್ವಾ, ಅದೇ ದೊಡ್ಡ ಕುಲದ್ದು. ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದ, ಬರಿಗಣ್ಣಿಗೆ ಕಾಣುವುದಿಲ್ಲ. ನನಗೆ ಆಶ್ಚರ್ಯವಾದದ್ದು ಬೇರೆ. ಈ ನುಸಿ ಬೀದಿಯಿಂದ ಬಂದದ್ದಲ್ಲ, ಕೊಳಕಿನಿಂದಲೂ ಬಂದದ್ದಲ್ಲ. ಹುಟ್ಟಿದ ಮೊದಲ ಎರಡು ಮೂರು ದಿನ ಮರಿ ತಾಯಿಯ ಮೊಲೆ ಚೀಪುವಾಗ ತಾಯಿಯ ಮೈಯಿಂದ ಮರಿಗೆ ದಾಟುತ್ತದೆ. ಆರೋಗ್ಯವಾದ ನಾಯಿಯ ಮೈಯಲ್ಲೂ ನಾಲ್ಕು ಇದ್ದೇ ಇರುತ್ತವೆ, ಸುಮ್ನೆ ಇರುತ್ತವೆ. ಮರಿಯ ಮೈಯ ಶಕ್ತಿ ಇನ್ನೂ ಬಲಿಯದಿದ್ದಾಗ, ಇಲ್ಲ ಜಂತುಹುಳದಿಂದ ಸೊರಗಿದಾಗ ಅವು ಮಿತಿ ಮೀರಿ ಹೆಚ್ಚುತ್ತವೆ. ಕೆಲವು ನಾಯಿಗಳಿಗೆ ಆ ದುರ್ಬಲತೆ ವಂಶದಿಂದಲೇ ಬರುತ್ತದೆ.

"ಹಾಗಾದರೆ ಮಗಳಿಗೆ?" ಅಂತ ಕೇಳಿದೆ. ಅವಳು ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬೆಳೆಸಿದವಳು. ಡಾಕ್ಟರಮ್ಮ ನಕ್ಕರು. ನಾಯಿಯ ಡೆಮೊಡೆಕ್ಸ್ ಮನುಷ್ಯರಿಗೆ ಅಂಟುವುದಿಲ್ಲ, ಮನುಷ್ಯರ ಮುಖದಲ್ಲಿ, ಕಣ್ಣಿನ ರೆಪ್ಪೆಯ ಬುಡದಲ್ಲಿ ಅದರದೇ ಬೇರೆ ಜಾತಿ ಮೊದಲಿಂದ ಸಂಸಾರ ಮಾಡಿಕೊಂಡಿರುತ್ತದೆ ಅಂದರು. ಹಿಂದಿರುಗುವಾಗ ಮಗಳು ದಾರಿಯುದ್ದಕ್ಕೂ ಜೀಪಿನ ಕನ್ನಡಿಯಲ್ಲಿ ತನ್ನ ರೆಪ್ಪೆ ನೋಡಿಕೊಂಡಳು.

ಪತ್ರ ಬರೆದವರು ಹೇಳಿದ ಅಂಟುವ ಕಜ್ಜಿ ಇಲ್ಲ ಅಂತಲ್ಲ, ಇದೆ. ಅದು ಸಾರ್ಕಾಪ್ಟಿಸ್ ಅನ್ನುವ ಇನ್ನೊಂದು ನುಸಿ, ದುಂಡಗಿನದು, ಚರ್ಮದೊಳಗೆ ಸುರಂಗ ಕೊರೆಯುತ್ತದೆ. ಆ ನಾಯಿ ರಾತ್ರಿ ಹಗಲು ತುರಿಸಿಕೊಳ್ಳುತ್ತದೆ. ಕಿವಿಯ ಅಂಚು, ಮೊಣಕೈ, ಹೊಟ್ಟೆಯಲ್ಲಿ ಮೊದಲು ಕಾಣುತ್ತದೆ. ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿದರೆ ಹಿಂಗಾಲು ತಾನಾಗಿ ಕೆರೆಯಲು ಏಳುತ್ತದೆ. ಅದು ಇನ್ನೊಂದು ನಾಯಿಗೆ ಹತ್ತುತ್ತದೆ, ನಮ್ಮ ಕೈಗೆ ಸೊಂಟಕ್ಕೆ ಕೆಂಪು ಗುಳ್ಳೆ ಬರಿಸುತ್ತದೆ, ಕಾಡಿನ ನರಿಗಳಿಗೂ ಹತ್ತುತ್ತದೆ. ಕಾಡಿಗೆ ಬಿಡಿ ಅನ್ನುವವರು ಇದನ್ನು ಯೋಚಿಸಲಿ. ಇದಲ್ಲದೆ ಹುಳುಕಡ್ಡಿಯೂ ಇದೆ, ಅದು ನುಸಿಯಲ್ಲ, ಬೂಸ್ಟಿನ ಜಾತಿ, ಅದೂ ಮಕ್ಕಳಿಗೆ ಅಂಟುತ್ತದೆ. ಮೂರಕ್ಕೂ ಕೂದಲು ಉದುರುತ್ತದೆ, ಆದರೆ ಮೂರಕ್ಕೂ ಒಂದೇ ಚಿಕಿತ್ಸೆಯಲ್ಲ. ದೂರದಿಂದ ನೋಡಿ "ಕಜ್ಜಿ ನಾಯಿ" ಅಂದುಬಿಟ್ಟರೆ ಯಾವುದು ಅಂತ ಗೊತ್ತಾಗುವುದು ಹೇಗೆ? ನಮ್ಮಲ್ಲಿ ಆ ಮಾತು ಬೈಗುಳ ಬೇರೆ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ ಒಂದಿದೆ. ಮೇ ತಿಂಗಳಲ್ಲಿ ಇದ್ದಂತೆ ಎರಡು ಮೂರು ಬೋಳು ಮಚ್ಚೆ ಅಷ್ಟೇ ಆಗಿದ್ದರೆ ಹತ್ತರಲ್ಲಿ ಒಂಬತ್ತು ಮರಿಗಳಿಗೆ ಏನೂ ಮಾಡದೆ ಎರಡು ತಿಂಗಳೊಳಗೆ ವಾಸಿಯಾಗುತ್ತದಂತೆ! ಜಂತಿನ ಔಷಧಿ ಕೊಟ್ಟು, ಹೊಟ್ಟೆ ತುಂಬ ಹಾಕಿ, ಕಣ್ಣಿಟ್ಟಿದ್ದರೆ ಸಾಕಿತ್ತು. ನಾನು ಸುಟ್ಟ ಆಯಿಲ್ ಬಳಿದೆ. ಆಮೇಲೆ ಹಾಕಿಸಿದ ಇಂಜೆಕ್ಷನ್ನಿನ ಚೀಟಿ ತೋರಿಸಿದಾಗ ಡಾಕ್ಟರಮ್ಮನ ಮುಖ ಸಪ್ಪಗಾಯಿತು. ಸ್ಟೀರಾಯ್ಡ್. ಅದು ತುರಿಕೆಯನ್ನು ತಕ್ಷಣ ನಿಲ್ಲಿಸುತ್ತದೆ, ಜೊತೆಗೆ ಮೈ ಕಾಯುವ ಶಕ್ತಿಯನ್ನೂ ಮಲಗಿಸುತ್ತದೆ. ನುಸಿಗೆ ಬಾಗಿಲು ತೆರೆದುಕೊಟ್ಟ ಹಾಗೆ. ನಾನು ಹೊಗಳಿದ್ದು ಅದನ್ನೇ.

ಚಿಕಿತ್ಸೆ ದೊಡ್ಡದೇನಲ್ಲ, ತಾಳ್ಮೆ ಬೇಕು. ತಿಂಗಳಿಗೊಂದು ಅಗಿಯುವ ಮಾತ್ರೆ, ಅಫಾಕ್ಸೊಲೇನರ್ ಅಂತ. ಉಣ್ಣಿಗೆ ಕೊಡುವುದೇ. ಮೊದಲು "ಫಿಟ್ಸ್ ಏನಾದರೂ ಬಂದಿತ್ತಾ?" ಅಂತ ಕೇಳಿ, ತೂಕ ನೋಡಿ ಕೊಟ್ಟರು. ಒಂಬತ್ತು ಕಿಲೋ ಇತ್ತು. ಒಂದು ಮಾತ್ರೆಗೆ ನಮ್ಮ ತೋಟದ ಎರಡು ದಿನದ ಕೂಲಿ, ಕಡಿಮೆಯೇನಲ್ಲ. ಕೀವಿಗೆ ನಾಲ್ಕು ವಾರ ಆಂಟಿಬಯೋಟಿಕ್. ವಾರಕ್ಕೊಮ್ಮೆ ಬೆಂಜಾಯಿಲ್ ಪೆರಾಕ್ಸೈಡ್ ಇರುವ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯುವುದು. ಜುಲೈ ಮಳೆಯಲ್ಲಿ ನಾಯಿಗೆ ಸ್ನಾನ! ಬಚ್ಚಲ ಒಲೆಯ ಮುಂದೆ ಕೂರಿಸಿ ಬಟ್ಟೆಯಲ್ಲಿ ಒರೆಸಿ ಒರೆಸಿ ಒಣಗಿಸುತ್ತಿದ್ದೆವು. ಅದು ಬೆಂಕಿ ನೋಡುತ್ತ ತೂಕಡಿಸುತ್ತಿತ್ತು.

ದನದ ಉಣ್ಣಿಗೆ ಹಾಕುವ ಅಮಿಟ್ರಾಜ್ ಬಾಟಲಿ, ಐವರ್‌ಮೆಕ್ಟಿನ್ ಇಂಜೆಕ್ಷನ್ ತೋಟಗಳಲ್ಲಿ ಇದ್ದೇ ಇರುತ್ತವೆ. ಎರಡೂ ಈ ರೋಗಕ್ಕೆ ಬಳಸುವ ಔಷಧಿಗಳೇ. ಆದರೆ ದನಕ್ಕೆ ಕೊಡುವ ಅಂದಾಜಿನಲ್ಲಿ ನಾಯಿಗೆ ಕೊಟ್ಟರೆ ಕತೆ ಮುಗಿದ ಹಾಗೆ. ಐವರ್‌ಮೆಕ್ಟಿನ್ ಅನ್ನು ನಾಯಿಗೆ ಮೈಕ್ರೋಗ್ರಾಮಿನಲ್ಲಿ ಲೆಕ್ಕ ಹಾಕುತ್ತಾರೆ. ಕೋಲಿಯಂಥ ಕೆಲವು ಜಾತಿಯ ನಾಯಿಗಳಲ್ಲಿ ಔಷಧಿ ಮಿದುಳಿಗೆ ಹೋಗದಂತೆ ತಡೆಯುವ ಜೀನ್ ಕೆಟ್ಟಿರುವುದುಂಟು, ಅವುಗಳಿಗೆ ಆ ಅಳತೆಯೂ ಜಾಸ್ತಿಯಾಗಿ ಪ್ರಾಣಕ್ಕೇ ಬರಬಹುದು. ಎಸ್ಟೇಟ್ ಬಂಗಲೆಗಳಲ್ಲಿ ಅಂಥ ನಾಯಿಗಳು ಕಡಿಮೆಯಿಲ್ಲ.

ಆಗಸ್ಟ್‌ನಲ್ಲಿ ಮತ್ತೆ ಕೆರೆದಾಗ ಸಿಕ್ಕಿದ್ದು ಎರಡೇ, ಅವೂ ಸತ್ತವು. ಸೆಪ್ಟೆಂಬರ್ ಮೊದಲಿನ ಕೈಲ್‌ಪೋದ್ ಹಬ್ಬದ ಹೊತ್ತಿಗೆ ಮುಖದಲ್ಲಿ ಹುಲ್ಲು ಚಿಗುರಿದ ಹಾಗೆ ಕೂದಲು. ನೋಡಲು ಚೆನ್ನಾಯಿತು ಅಂತ ಅಲ್ಲಿಗೇ ಔಷಧಿ ನಿಲ್ಲಿಸಬಾರದು. ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು, ಎರಡೂ ಸಲ ಏನೂ ಸಿಗಬಾರದು. ನಮಗೆ ಅದು ಅಕ್ಟೋಬರ್‌ಗೆ ಮುಗಿಯಿತು. ಪುತ್ತರಿ ಹಬ್ಬ ಕಳೆದ ಮೇಲೆ ಸಂತಾನಹರಣ ಆಪರೇಶನ್ ಮಾಡಿಸಿದೆವು. ಬೆದೆಗೆ ಬಂದಾಗ ರೋಗ ಮರುಕಳಿಸಬಹುದು, ಮರಿಗಳಿಗೂ ಹೋಗಬಹುದು ಅಂತ. ಇಷ್ಟು ದಿನವೂ ನಮ್ಮ ಮನೆಯ ಮುದಿ ನಾಯಿ ಅದರ ಪಕ್ಕದಲ್ಲೇ ಮಲಗಿದ್ದು, ಅದಕ್ಕೆ ಒಂದು ಕೂದಲೂ ಉದುರಲಿಲ್ಲ.

ಇನ್ನು ಕಾಡಿಗೆ ಬಿಡುವ ಮಾತು. ಆನೆಕಾಡಿನ ರಸ್ತೆಯಲ್ಲಿ ನಾನೇ ನೋಡಿದ್ದೇನೆ. ಒಂದು ಜೀಪು ನಿಂತಿತು, ಬಾಗಿಲು ತೆರೆಯಿತು, ಮೈಯೆಲ್ಲ ಬೋಳಾದ ಲ್ಯಾಬ್ರಡಾರ್ ಮರಿಯೊಂದನ್ನು ಇಳಿಸಿ ಹೋಯಿತು. ಅದು ಸುಮಾರು ದೂರ ಹಿಂದೆ ಓಡಿತು. ನಾನಿದ್ದದ್ದು ಬಸ್ಸಿನಲ್ಲಿ. ಇಳಿಯಲಿಲ್ಲ. ಆಗ ಜಿಮ್ಮಿ ನಮ್ಮ ಮನೆಗೆ ಬಂದಿರಲಿಲ್ಲ, ನನಗೂ ಅದು ಬರೀ ಕಜ್ಜಿ ನಾಯಿಯಾಗಿತ್ತು.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಆಂಬ್ಯುಲೆನ್ಸಿನಲ್ಲಿ ಒಂದು ಬ್ಲೇಡ್, ನಾಲ್ಕು ಗಾಜಿನ ಪಟ್ಟಿ, ಸ್ವಲ್ಪ ಎಣ್ಣೆ ಇರಲಿ. ಕೆರೆದದ್ದನ್ನು ಆಸ್ಪತ್ರೆಗೆ ಒಯ್ದು ನೋಡಿದರೂ ಆಯಿತು. ಹೋಬಳಿಯ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ನಾಯಿಗಳ ಚರ್ಮ ಕೆರೆದು ನೋಡುವ ವ್ಯವಸ್ಥೆ ಆಗಲಿ. ಲೈನ್ ಮನೆಯವರು ಕೂಲಿ ಬಿಟ್ಟು, ಬಸ್ಸಿಗೆ ಹತ್ತಿಸಿಕೊಳ್ಳದ ನಾಯಿಯನ್ನು ಹೊತ್ತು ಕುಶಾಲನಗರಕ್ಕೆ ಹೋಗಲಾರರು. ಅವರಿಗೆ ಹತ್ತಿರ ಸಿಗುವುದು ಸುಟ್ಟ ಆಯಿಲ್ ಒಂದೇ.

ಮತ್ತೆ ಆ ಹಸಿರು ಬಟ್ಟೆ ಹೊದ್ದ ಮೈಕ್ರೋಸ್ಕೋಪ್. ನಮ್ಮ ಸಾಹುಕಾರರು ತಮ್ಮ ಹಳೆ ಕ್ಯಾಮೆರಾವನ್ನು ಮರದ ಕಪಾಟಿನಲ್ಲಿ ಇಟ್ಟು, ಒಳಗೆ ಒಂದು ಸಣ್ಣ ಬಲ್ಬ್ ಉರಿಸಿಡುತ್ತಾರೆ, ಹಳೇ ಕಾಲದ ಬಿಸಿಯಾಗುವ ಬಲ್ಬ್. ಮೂವತ್ತು ಮಳೆಗಾಲ ಕಳೆದರೂ ಅದರ ಲೆನ್ಸಿಗೆ ಒಂದು ಚುಕ್ಕೆ ಬಂದಿಲ್ಲ. ಆಸ್ಪತ್ರೆಯವರು ಲೆನ್ಸ್ ಸರಿ ಮಾಡಿಸಿ, ಒಂದು ಕಪಾಟು ಕೊಡಲಿ. ಬಲ್ಬ್ ನಾನೇ ತಂದು ಹಾಕಿಕೊಡುತ್ತೇನೆ.

ಇತಿ,
ಒಬ್ಬ ತೋಟದ ರೈಟರ್
ಸುಂಟಿಕೊಪ್ಪ ಬಳಿ, ಕೊಡಗು