ಸರಳ ಇಂಗ್ಲಿಷ್ ಕಥೆಪುಸ್ತಕಗಳ ಕುರಿತು ಪಾಲಕರಿಗೆ ಪತ್ರ

ಮಾನ್ಯ ಪಾಲಕರಲ್ಲಿ ಸವಿನಯ ನಮಸ್ಕಾರಗಳು.

ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ವರ್ಷದಿಂದ ವಾರಕ್ಕೆ ಎರಡು ಅವಧಿ ಸರಳ ಇಂಗ್ಲಿಷ್ ಕಥೆಪುಸ್ತಕಗಳನ್ನು ಓದಲು ಕೊಡುತ್ತಿರುವ ಬಗ್ಗೆ ಕಳೆದ ಪಾಲಕರ ಸಭೆಯಲ್ಲಿ ಆಕ್ಷೇಪಗಳು ಬಂದವು. ಸಭೆಯ ನಂತರ, ಮಕ್ಕಳಿಗೆ ಇಷ್ಟು ಸುಲಭದ ಪುಸ್ತಕಗಳು ಬೇಡವೆಂದು ಕೆಲವರು ಸಹಿ ಮಾಡಿದ ಮನವಿಯನ್ನೂ ಕಚೇರಿಗೆ ತಲುಪಿಸಿದ್ದಾರೆ. ನಾನೂ ಇಂಗ್ಲಿಷ್ ಕಲಿಸುವ ಗುರುಮಾತೆಯರೂ ಕೂಡಿ ಅದನ್ನು ಓದಿದ್ದೇವೆ. ಮಕ್ಕಳ ಮೇಲಿನ ಕಾಳಜಿಯಿಂದಲೇ ಬರೆದ ಮನವಿ ಅದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಸಭೆಯಲ್ಲಿ ಬಂದ ಆಕ್ಷೇಪಗಳಿಗೆ ಮೊದಲು ಉತ್ತರಿಸುತ್ತೇನೆ: ವ್ಯಾಕರಣದ ಅವಧಿಗಳನ್ನು ಕಡಿಮೆ ಮಾಡಿಲ್ಲ, ಪಠ್ಯವೂ ಹಿಂದೆ ಬಿದ್ದಿಲ್ಲ, ಪುಸ್ತಕಗಳಿಗಾಗಿ ಮಕ್ಕಳಿಂದ ಹಣ ಪಡೆದಿಲ್ಲ. ವೇಳಾಪತ್ರಿಕೆಯನ್ನು ಯಾರು ಬೇಕಾದರೂ ಕಚೇರಿಗೆ ಬಂದು ನೋಡಬಹುದು.

ಮನವಿಯ ತಿರುಳು ಬೇರೆ ಇದೆ. ಒಂಬತ್ತನೆಯ ತರಗತಿಯ ಮಗ ‘ಒಂದನೆಯ ಹಂತ’ ಎಂದು ಬರೆದ ತೆಳ್ಳನೆಯ ಪುಸ್ತಕ ಹಿಡಿದು ಮನೆಗೆ ಬಂದರೆ ತಂದೆತಾಯಿಗೆ ನೋವಾಗುತ್ತದೆ. ‘ನಮ್ಮ ಹುಡುಗ ಅಷ್ಟು ದಡ್ಡನೇ?’ ಎಂದು ಪಾಲಕರೊಬ್ಬರು ಸಭೆಯಲ್ಲಿಯೇ ಕೇಳಿದರು. ಖಂಡಿತ ಅಲ್ಲ. ಪುಸ್ತಕದ ಹಂತಕ್ಕೂ ಮಗುವಿನ ತರಗತಿಗೂ ಸಂಬಂಧವಿಲ್ಲ, ಬುದ್ಧಿಗಂತೂ ಇಲ್ಲವೇ ಇಲ್ಲ. ಆ ಪುಸ್ತಕದಲ್ಲಿ ಎಷ್ಟು ಬೇರೆ ಬೇರೆ ಇಂಗ್ಲಿಷ್ ಪದಗಳನ್ನು ಬಳಸಿದ್ದಾರೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಉದಾಹರಣೆಗೆ ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಸರಣಿಯ ಮೊದಲ ಹಂತದ ಕಥೆಗಳನ್ನು ಸುಮಾರು 400 ಮೂಲಪದಗಳ (ಒಂದು ಪದದ ಬೇರೆ ಬೇರೆ ರೂಪಗಳೆಲ್ಲ ಸೇರಿ ಒಂದೇ ಮೂಲಪದ) ಮಿತಿಯಲ್ಲಿ ಬರೆದಿರುತ್ತಾರೆ. ಎರಡನೆಯ ಹಂತಕ್ಕೆ 700, ಮೂರನೆಯದಕ್ಕೆ 1000, ಹೀಗೆ ಏರುತ್ತ ಆರನೆಯ ಹಂತಕ್ಕೆ 2500 ಆಗುತ್ತದೆ. ವಾಕ್ಯರಚನೆಯೂ ಇದೇ ಕ್ರಮದಲ್ಲಿ ಕಠಿಣವಾಗುತ್ತ ಹೋಗುತ್ತದೆ. ಬೇರೆ ಬೇರೆ ದೇಶಗಳಲ್ಲಿ ಇಂಗ್ಲಿಷ್ ಕಲಿಯುವ ಹದಿಹರೆಯದವರು ಮತ್ತು ವಯಸ್ಕರು ಓದಲೆಂದೇ ಇಂಥ ಪುಸ್ತಕಗಳನ್ನು ಸಿದ್ಧಪಡಿಸುತ್ತಾರೆ. ಪದಗಳು ಕಡಿಮೆಯಿದ್ದರೂ ಕಥೆ ದೊಡ್ಡವರದೇ ಆಗಿರುತ್ತದೆ: ಕಳವು, ಸಮುದ್ರಯಾನ, ಆಸ್ತಿಯ ಜಗಳ, ಪತ್ತೇದಾರಿಕೆ.

ನಮ್ಮ ಇಳಕಲ್ಲದಲ್ಲಿ ಮಗ್ಗದ ಮುಂದೆ ಹೊಸದಾಗಿ ಕೂತ ಹುಡುಗನಿಗೆ ಮೊದಲ ದಿನವೇ ತೋಪತೆನೆ ವಿನ್ಯಾಸದ ಸೆರಗನ್ನು ಯಾರೂ ಒಪ್ಪಿಸುವುದಿಲ್ಲ. ಸೀರೆಯ ಒಡಲು ನೇಯ್ದು ಕೈ ಪಳಗಿದ ಮೇಲೆಯೇ ಅವನು ಸೆರಗಿಗೆ ಬರುತ್ತಾನೆ. ಒಡಲು ನೇಯುವಷ್ಟು ದಿನವೂ ಅವನನ್ನು ದಡ್ಡನೆಂದು ಯಾವ ಮನೆಯಲ್ಲಿಯೂ ಕರೆಯುವುದಿಲ್ಲ.

ಕಠಿಣ ಪುಸ್ತಕವನ್ನೇ ಕೊಟ್ಟರೆ ಮಗು ಬೇಗ ಕಲಿಯುತ್ತದೆಯಲ್ಲವೇ ಎಂದೂ ಮನವಿಯಲ್ಲಿ ಕೇಳಿದ್ದೀರಿ. ಶಬ್ದಕೋಶದ ನೆರವಿಲ್ಲದೆ ಒಂದು ಕಥೆಯನ್ನು ಚೆನ್ನಾಗಿ ಗ್ರಹಿಸಬೇಕಾದರೆ ಅದರ ನೂರು ಪದಗಳಲ್ಲಿ ಸುಮಾರು 98 ಓದುಗನಿಗೆ ಮೊದಲೇ ತಿಳಿದಿರಬೇಕು ಎಂದು ಭಾಷಾಕಲಿಕೆಯ ಸಂಶೋಧಕ ಪಾಲ್ ನೇಶನ್ ಮತ್ತು ಅವರ ಸಹಲೇಖಕರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ನೂರರಲ್ಲಿ ಹತ್ತು ಪದ ತಿಳಿಯದಿದ್ದರೆ ಹೆಚ್ಚುಕಡಿಮೆ ಪ್ರತಿ ಸಾಲಿಗೂ ಒಂದು ಕಡೆ ನಿಲ್ಲಬೇಕಾಗುತ್ತದೆ. ಹಾಗೆ ನಿಂತು ನಿಂತು ಓದುವ ಮಗುವಿಗೆ ಕಥೆ ಸಿಗುವುದಿಲ್ಲ, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಪುಸ್ತಕ ಕೈಬಿಡುತ್ತದೆ. ಗೈಡಿನಿಂದ ಉತ್ತರಗಳನ್ನು ಬಾಯಿಪಾಠ ಮಾಡಿದ ಮಕ್ಕಳು ಪರೀಕ್ಷೆಯಲ್ಲಿ ಪಠ್ಯದ ಹೊರಗಿನ ಗದ್ಯಭಾಗ ಬಂದರೆ ಕೈಚೆಲ್ಲಿ ಕೂಡುವುದನ್ನು ನಾವು ಪ್ರತಿ ವರ್ಷ ನೋಡುತ್ತಿದ್ದೇವೆ. ಆ ಮಕ್ಕಳ ಮುಖ ನೋಡಿಯೇ ಈ ಅವಧಿಗಳನ್ನು ಆರಂಭಿಸಿದ್ದು.

ಇದು ಯಾರೋ ನಿನ್ನೆ ಮೊನ್ನೆ ಕಂಡುಹಿಡಿದ ಪದ್ಧತಿಯೂ ಅಲ್ಲ, ನಮ್ಮ ನೆಲಕ್ಕೆ ಹೊರಗಿನದೂ ಅಲ್ಲ. ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜನ್ನು ನಡೆಸುತ್ತಿದ್ದ ಮೈಕೆಲ್ ವೆಸ್ಟ್ ಎಂಬವರು 1920ರ ದಶಕದಲ್ಲಿ, ಬಂಗಾಳಿ ಮಾತಾಡುವ ಮಕ್ಕಳಿಗಾಗಿಯೇ ಪದಗಳನ್ನು ಆರಿಸಿ, ಹೊಸ ಪದಗಳನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ವಾಚಕಗಳನ್ನು ಸಿದ್ಧಪಡಿಸಿದರು. ಫಿಜಿ ದ್ವೀಪಗಳ ಹಳ್ಳಿಶಾಲೆಗಳಲ್ಲಿ ನಡೆದು 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತರಗತಿಗೆ 250ರಷ್ಟು ಇಂಗ್ಲಿಷ್ ಕಥೆಪುಸ್ತಕಗಳನ್ನು ಇಟ್ಟು ಓದಿಸಿದಾಗ ಮಕ್ಕಳು ಓದಿ ಮತ್ತು ಕೇಳಿ ಗ್ರಹಿಸುವುದರಲ್ಲಿ ಸಾಮಾನ್ಯಕ್ಕಿಂತ ಎರಡು ಪಟ್ಟು ವೇಗವಾಗಿ ಮುಂದುವರಿದರು. ಅಲ್ಲಿಯ ಮಕ್ಕಳು ನಮ್ಮವರಿಗಿಂತ ಚಿಕ್ಕವರು, ಪುಸ್ತಕಗಳೂ ಹಂತದ ಪುಸ್ತಕಗಳಲ್ಲ ಎಂಬುದು ನಿಜ; ಆದರೆ ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಕ್ಕಳು ಕಥೆ ಓದುತ್ತಲೇ ಇಂಗ್ಲಿಷ್ ಕಲಿತರು ಎಂಬುದೂ ಅಷ್ಟೇ ನಿಜ.

ಸರಳ ಮಾಡಿದ ಪುಸ್ತಕ ಮೂಲಕೃತಿಯಲ್ಲ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಲೇಖಕನ ಶೈಲಿ, ವರ್ಣನೆ, ಮಾತಿನ ಸೊಗಸು ಇವುಗಳಲ್ಲಿ ಬಹುಪಾಲು ಕಳೆದುಹೋಗುತ್ತದೆ. ಆದರೆ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ವನ್ನು ಓದಿದವರಿಗೆ ನಿಮಗೆ ಮಹಾಭಾರತವೇ ಗೊತ್ತಿಲ್ಲ ಎಂದು ನಾವು ಹೇಳುವುದಿಲ್ಲ. ಅದನ್ನು ಓದಿ ರುಚಿ ಹತ್ತಿದವರೇ ಮುಂದೆ ಕುಮಾರವ್ಯಾಸನ ಷಟ್ಪದಿಗೆ ಕೈಹಾಕಿದ ಉದಾಹರಣೆಗಳು ನಮ್ಮ ಶಿಕ್ಷಕರಲ್ಲಿಯೇ ಇವೆ. ಮಕ್ಕಳು ಮೇಲಿನ ಹಂತಗಳನ್ನು ಮುಗಿಸಿದ ಮೇಲೆ ಮೂಲಪುಸ್ತಕಗಳನ್ನು ಕೊಡಲು ಗ್ರಂಥಾಲಯ ಸಿದ್ಧವಿದೆ.

ಪಾಲಕರ ಮನಸ್ಸಿಗೆ ಗೌರವ ಕೊಟ್ಟು ಒಂದು ಬದಲಾವಣೆ ಮಾಡುತ್ತಿದ್ದೇವೆ. ಎಲ್ಲ ಪುಸ್ತಕಗಳಿಗೂ ಒಂದೇ ಬಣ್ಣದ ಹೊದಿಕೆ ಹಾಕಿಸಿ, ಹಂತದ ಸಂಖ್ಯೆಯನ್ನು ಒಳಪುಟದಲ್ಲಿ ಮಾತ್ರ ಬರೆಯುತ್ತೇವೆ. ಆದರೆ ಪಾಲಕರು ಕೇಳಿದರೆಂದು ಯಾವ ಮಗುವನ್ನೂ ಮೇಲಿನ ಹಂತಕ್ಕೆ ಹಾಕುವುದಿಲ್ಲ. ಈ ವಿಷಯದಲ್ಲಿ ದಯವಿಟ್ಟು ಒತ್ತಾಯಿಸಬಾರದು. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದ ತಿಳಿಯದಿದ್ದರೆ ಆ ಪುಸ್ತಕವನ್ನು ಮರಳಿ ಇಟ್ಟು ಬೇರೊಂದನ್ನು ಆರಿಸಿಕೊಳ್ಳಲು ಮಕ್ಕಳಿಗೆ ತಿಳಿಸಿದ್ದೇವೆ. ಯಾವಾಗ ಮೇಲೇರಬೇಕು ಎಂಬುದನ್ನು ಗುರುಮಾತೆಯರು ಮಗುವಿನ ಜೊತೆ ಮಾತಾಡಿ ನಿರ್ಧರಿಸುತ್ತಾರೆ. ನಿಮ್ಮ ಮಗು ಎಲ್ಲಿದೆ, ಹೇಗೆ ಓದುತ್ತಿದೆ ಎಂದು ತಿಳಿಯಲು ಯಾವ ಶನಿವಾರವಾದರೂ ಶಾಲೆ ಬಿಟ್ಟ ಮೇಲೆ ಬನ್ನಿ, ಕೂತು ಮಾತಾಡೋಣ.

ತಮ್ಮಲ್ಲಿ ಕೋರುವುದು ಇಷ್ಟು: ಮಗು ಮನೆಯಲ್ಲಿ ಈ ಪುಸ್ತಕ ಓದುವಾಗ ಸಾಲುಸಾಲಿಗೂ ಕನ್ನಡದ ಅರ್ಥ ಕೇಳದೆ, ದಿನಕ್ಕೆ ಇಪ್ಪತ್ತು ನಿಮಿಷ ಅದರ ಪಾಡಿಗೆ ಓದಲು ಬಿಡಿ.

ತಮ್ಮ ವಿಶ್ವಾಸದ,
ಮುಖ್ಯೋಪಾಧ್ಯಾಯರು
ಇಳಕಲ್ಲ, ಬಾಗಲಕೋಟೆ ಜಿಲ್ಲೆ